ಟೋಪಿ ಹಾಕಿಸಿಕೊಳ್ಳದೆ ಉಕ್ಕಿನ ಟೋಪಿ ಕೊಳ್ಳುವುದು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಅಂಗಡಿಗಳಲ್ಲಿ ಹಳೆಯ ಸೈನ್ಯದ ಹೆಲ್ಮೆಟ್ ಯಾವಾಗಲೂ ಬೋರಲಾಗಿಯೇ ಇರುತ್ತದೆ. ನೆಗ್ಗು, ತುಕ್ಕು, ಉದುರಿದ ಬಣ್ಣ ಎಲ್ಲ ಚೆನ್ನಾಗಿ ಕಾಣಲಿ ಅಂತ. ಕೈಗೆ ತಗೊಂಡವರು ಮೊದಲು ಮಾಡಬೇಕಾದ್ದು ಅದನ್ನು ಅಂಗಾತ ತಿರುಗಿಸುವುದು. ಹೊರಮೈಯನ್ನು ಯಾರು ಬೇಕಾದರೂ ಹಳೆಯದು ಮಾಡಬಹುದು. ಉಪ್ಪುನೀರು ಸವರಿ ನಾಲ್ಕು ದಿನ ತಾರಸಿಯ ಮೇಲೆ ಬಿಟ್ಟರೆ ಸಾಕು. ಒಳಮೈ ಹಳೆಯದು ಮಾಡುವುದಕ್ಕೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು, ಆ ಶ್ರಮಕ್ಕೆ ತಕ್ಕ ದುಡ್ಡೂ ಹುಟ್ಟಬೇಕು. ಇಲ್ಲಿ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಗಿರಾಕಿ ತಿರುಗಿಸಿ ನೋಡುವುದೇ ಇಲ್ಲ ಅಂತ ಅವರಿಗೆ ಗೊತ್ತು.

ಚೋರ್ ಬಜಾರ್ ಗೊತ್ತಿಲ್ಲದವರಿಗೆ ಒಂದು ಮಾತು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ, ಭೇಂಡಿ ಬಜಾರ್ ಕಡೆ ನಡೆದರೆ ಸಿಗುತ್ತದೆ. ಶುಕ್ರವಾರ ಆ್ಯಂಟಿಕ್ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಬೀದಿಯ ಮೇಲೆ ಜುಮ್ಮಾ ಬಜಾರ್ ಕೂರುತ್ತದೆ. ಉಳಿದ ದಿನ ಹನ್ನೊಂದು ಗಂಟೆಯ ಮೇಲೆ ಹೋದರೆ ಆಯ್ತು. ಗ್ರಾಮಫೋನು, ಹಡಗಿನ ಲಾಂದ್ರ, ಸಿನಿಮಾ ಪೋಸ್ಟರುಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಉಕ್ಕಿನ ಟೋಪಿಗಳು ಒಂದರ ಮೇಲೊಂದು ಕೂತಿರುತ್ತವೆ.

ಅವು ಅಲ್ಲಿಗೆ ಬರುವ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಸೈನ್ಯ ಬೇಡವೆಂದು ವಿಲೇವಾರಿ ಮಾಡಿದ್ದು ಗುಜರಿಯವರ ಕೈ ದಾಟಿ ಬರುತ್ತದೆ. ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದದ್ದು ಬರುತ್ತದೆ. ಅಲಂಕಾರಕ್ಕೆಂದೇ ಹೊಸದಾಗಿ ಮಾಡಿದ್ದು ರಾಜಸ್ಥಾನದ ಕಡೆಯಿಂದ ಬರುತ್ತದೆ. ಇನ್ನು ಮುಂಬಯಿಗೇ ವಿಶೇಷವಾದದ್ದೊಂದಿದೆ: ಸಿನಿಮಾ ಗೋಡೌನು. ಯುದ್ಧದ ದೃಶ್ಯಕ್ಕೆ ನೂರಾರು ಹೆಲ್ಮೆಟ್ ಬೇಕಾಗುತ್ತದೆ, ಅಲ್ವಾ? ಮುಂದಿನ ಸಾಲಿನ ನಟರಿಗೆ ನಿಜವಾದದ್ದು, ಹಿಂದಿನ ಸಾಲಿಗೆ ತಗಡು, ಅದರ ಹಿಂದೆ ಫೈಬರ್. ಶೂಟಿಂಗ್ ಮುಗಿದ ಮೇಲೆ ಎಲ್ಲವೂ ಒಂದೇ ಚೀಲದಲ್ಲಿ ಮಾರಾಟಕ್ಕೆ ಬರುತ್ತವೆ. ಒಂದೇ ಬಣ್ಣ, ಒಂದೇ ಧೂಳು.

ಆದರೂ ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಇಲ್ಲಿ ಉಕ್ಕು ಸುಳ್ಳು ಹೇಳುವುದು ಕಡಿಮೆ. ಸುಳ್ಳು ಇರುವುದು ಅದಕ್ಕೆ ಇಟ್ಟ ಹೆಸರಿನಲ್ಲಿ. ವಸ್ತು ಅಸಲಿಯೇ, ಆದರೆ ಅದು ಹೇಳಿದ ಯುದ್ಧದ್ದಲ್ಲ, ಹೇಳಿದ ದೇಶದ್ದಲ್ಲ, ಹೇಳಿದ ಮನುಷ್ಯನದ್ದಂತೂ ಅಲ್ಲವೇ ಅಲ್ಲ.

ಒಂದು ಸಲ ಒಬ್ಬ ಅಂಗಡಿಯವರು ಎಲ್ಲಿಯವರು ಅಂತ ಕೇಳಿದರು. ಊರು ಉಡುಪಿ ಕಡೆ, ಇರುವುದು ಮುಲುಂಡ್ ಅಂದೆ. "ಅಂದ್ರೆ ಮೈಸೂರು!" ಅಂತ ಒಳಗೆ ಹೋಗಿ ಒಂದು ಹೆಲ್ಮೆಟ್ ಹಿಡಿದುಕೊಂಡು ಬಂದರು. ಹೈಫಾ ಯುದ್ಧದ್ದು, ಮೈಸೂರು ಮಹಾರಾಜರ ಸವಾರನೊಬ್ಬ ಹಾಕಿಕೊಂಡದ್ದು, ನಿಮ್ಮಂಥವರಿಗಾಗಿಯೇ ಇಟ್ಟಿದ್ದೆ ಅಂದರು. ಕತೆಯ ಒಂದು ಕಾಲು ನಿಜ. ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಸೇರಿ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದದ್ದು ಹೌದು. ಅಂಗಾತ ತಿರುಗಿಸಿದೆ. ನೆತ್ತಿಯ ನಡುವೆ ಒಂದೇ ಸ್ಕ್ರೂ, ಅದಕ್ಕೆ ಅಧಿಕ ಚಿಹ್ನೆಯ ಆಕಾರದ ರಬ್ಬರ್ ದಿಂಡು. ಇದು ಬ್ರಿಟಿಷ್ ಮಾರ್ಕ್ 2, ಅಂದರೆ ಅವರ ಉಕ್ಕಿನ ಟೋಪಿಯ ಎರಡನೇ ಮಾದರಿ. ಸೈನ್ಯಕ್ಕೆ ಬಂದದ್ದೇ 1938ರ ಹೊತ್ತಿಗೆ, ಹೈಫಾ ಮುಗಿದು ಇಪ್ಪತ್ತು ವರ್ಷದ ಮೇಲೆ. ಅದೂ ಸಾಲದು ಅಂದರೆ ದೆಹಲಿಯ ತೀನ್ ಮೂರ್ತಿ ಇದೆ. ಹೈದರಾಬಾದ್, ಜೋಧಪುರ, ಮೈಸೂರು ಸವಾರರ ನೆನಪಿಗೆ ನಿಲ್ಲಿಸಿದ ಮೂರು ಪ್ರತಿಮೆಗಳು. ಮೂವರ ತಲೆಯ ಮೇಲೂ ಪೇಟವೇ ಇದೆ. ಇದನ್ನು ಹೇಳಿದಾಗ ಅವರಿಗೆ ಬೇಸರ ಆಗಲಿಲ್ಲ. ನಕ್ಕು ಚಹಾ ತರಿಸಿದರು. ನಾನು ಪಂಜಾಬಿನವನು ಅಂದಿದ್ದರೆ ಅದೇ ಟೋಪಿ ಸಿಖ್ ಸೈನಿಕನದ್ದಾಗುತ್ತಿತ್ತು. ಎರಡೂ ಮಹಾಯುದ್ಧಗಳಲ್ಲಿ ಸಿಖ್ಖರು ಪೇಟ ಬಿಟ್ಟು ಉಕ್ಕಿನ ಟೋಪಿ ಹಾಕಲು ಒಪ್ಪಲಿಲ್ಲ ಎನ್ನುವುದು ಆ ಕತೆಗೆ ಅಡ್ಡ ಬರುತ್ತಿರಲಿಲ್ಲ.

ಈ ತಟ್ಟೆಯಾಕಾರದ ಬ್ರಿಟಿಷ್ ಹೆಲ್ಮೆಟ್ಟೇ ನಮ್ಮ ಕಡೆ ಜಾಸ್ತಿ ಸಿಗುವುದು. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಜಾನ್ ಬ್ರೋಡಿ ಎನ್ನುವವನು 1915ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ಮೊದಲು ಬಂದವುಗಳ ಅಂಚು ಹಾಗೆಯೇ ಕತ್ತರಿಸಿ ಬಿಟ್ಟದ್ದು, ಕೈ ಕೊಯ್ಯುವಂಥದ್ದು. 1916ರಲ್ಲಿ ಅಂಚಿಗೆ ಮಡಚಿದ ಪಟ್ಟಿ ಬಂತು. ಬಣ್ಣವೂ ಮೊದಲು ನುಣುಪಾಗಿ ಹೊಳೆಯುತ್ತಿತ್ತು. ಬಿಸಿಲಿಗೆ ಮಿಂಚಿ ಶತ್ರುವಿಗೆ ಕಾಣುತ್ತದೆ ಅಂತ ಆಮೇಲೆ ಬಣ್ಣಕ್ಕೆ ಮರಳು, ಮರದ ಪುಡಿ ಸೇರಿಸಿದರು. ಹಳೆಯ ಬಣ್ಣದ ಮೇಲೆ ಬೆರಳು ಆಡಿಸಿದರೆ ಆ ತರಿ ಸಿಗುತ್ತದೆ. ಸ್ಪ್ರೇ ಡಬ್ಬಿಯಿಂದ ಹೊಡೆದ ಹಸಿರು ಬಣ್ಣ ನುಣ್ಣಗೆ ಜಾರುತ್ತದೆ.

ಮೊದಲ ಯುದ್ಧದ ಮಾರ್ಕ್ 1ರಲ್ಲಿ ಒಳಗಿನ ಲೈನರನ್ನು, ಅಂದರೆ ತಲೆಗೆ ತಾಗುವ ಒಳಪದರವನ್ನು, ನೆತ್ತಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ, ಗಲ್ಲದ ಪಟ್ಟಿ ಚರ್ಮದ್ದು. ಎರಡನೆಯದರಲ್ಲಿ ಸ್ಕ್ರೂ, ಬಟ್ಟೆಯ ಪಟ್ಟಿ. ಆದರೆ ಲೈನರ್ ಹೊರಗಿನ ಉಕ್ಕಿನ ಚಿಪ್ಪಿಗಿಂತ ಹೊಸದು ಅಂದ ತಕ್ಷಣ ಮೋಸ ಅಂತ ತೀರ್ಮಾನಿಸಬೇಡಿ. ಎರಡನೇ ಯುದ್ಧ ಹತ್ತಿರ ಬಂದಾಗ ಬ್ರಿಟಿಷರೇ ಹಳೆಯ ಮಾರ್ಕ್ 1 ಚಿಪ್ಪುಗಳನ್ನು ಹೊರಗೆ ತೆಗೆದು ಹೊಸ ಲೈನರ್, ಹೊಸ ಪಟ್ಟಿ ಹಾಕಿ ಮತ್ತೆ ಬಳಕೆಗೆ ಬಿಟ್ಟರು. ಅಂಥದ್ದು ಅಸಲಿಯೇ. ಬೆಲೆ ಕಟ್ಟುವಾಗ ಮಾತ್ರ ಅದನ್ನು ಮೊದಲ ಯುದ್ಧದ್ದು ಎನ್ನುವುದಕ್ಕಿಂತ ಎರಡೂ ಯುದ್ಧದ್ದು ಅಂತ ಲೆಕ್ಕ ಹಾಕಬೇಕು.

ಅಂಚಿನ ಒಳಬದಿಯಲ್ಲಿ, ಗಲ್ಲದ ಪಟ್ಟಿಯ ಕೊಂಡಿಯ ಹತ್ತಿರ, ತಯಾರಕರ ಗುರುತು ಒತ್ತಿರುತ್ತಾರೆ. ಬಿಎಂಬಿ ಅಂದರೆ ಬ್ರಿಗ್ಸ್ ಮೋಟಾರ್ ಬಾಡೀಸ್. ಆರ್‌ಓ ಅಂಡ್ ಕಂಪನಿ ಅಂದರೆ ರೂಬೆರಿ ಓವೆನ್. ಜೆಎಸ್ಎಸ್ ಅಂದರೆ ಜೋಸೆಫ್ ಸ್ಯಾಂಕಿ. ಪಕ್ಕದಲ್ಲಿ ವರ್ಷ ಇರಬಹುದು. ಕೊಂಡಿಯ ಮೇಲೆ, ಲೈನರಿನ ಮೇಲೆ ಬೇರೆ ಬೇರೆ ವರ್ಷ ಇರುವುದೂ ಉಂಟು. ಒಂದೆರಡು ವರ್ಷದ ಅಂತರ ಸಹಜ. ಗುರುತು ಬಣ್ಣದ ಕೆಳಗೆ ಅಡಗಿರುತ್ತದೆ, ಆದ್ದರಿಂದ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ.

ಜೇಬಿನಲ್ಲಿ ಇರಲೇಬೇಕಾದ ಇನ್ನೊಂದು ವಸ್ತು ಸಣ್ಣ ಮ್ಯಾಗ್ನೆಟ್. ಬ್ರೋಡಿ ಹೆಲ್ಮೆಟ್ಟಿಗೆ ಬಳಸಿದ್ದು ಹ್ಯಾಡ್‌ಫೀಲ್ಡ್ ಉಕ್ಕು. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದದ್ದು, ಸುಮಾರು ಶೇಕಡಾ 12 ಮ್ಯಾಂಗನೀಸ್ ಇರುವಂಥದ್ದು. ಅದನ್ನು ಮ್ಯಾಗ್ನೆಟ್ ಕಚ್ಚುವುದಿಲ್ಲ, ಅಥವಾ ಹಿಡಿದೂ ಹಿಡಿಯದ ಹಾಗೆ ತೀರಾ ಸಡಿಲವಾಗಿ ನಿಲ್ಲುತ್ತದೆ. ಸಿನಿಮಾದ ತಗಡಿನ ಟೋಪಿಯನ್ನು ಟಪ್ಪೆಂದು ಕಚ್ಚುತ್ತದೆ. ನೆತ್ತಿಯ ಭಾಗಕ್ಕೆ ಹಿಡಿಯಬೇಕು, ಅಂಚಿಗೆ ಅಲ್ಲ. ಅಂಚಿನ ಪಟ್ಟಿ, ಕೊಂಡಿ ಬೇರೆ ಲೋಹದ್ದು.

ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಲ್ಲಿ ಸಿಗುವ ರಾಯರೊಬ್ಬರು ರೈಲ್ವೆ ಹಳಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಈ ವಿಷಯ ತೆಗೆದಾಗ ಅವರು ಹೇಳಿದರು: "ಅಲ್ಲಯ್ಯಾ, ಅದು ನಮ್ಮ ಕ್ರಾಸಿಂಗ್ ಉಕ್ಕು!" ಹೌದು, ಲೋಕಲ್ ಟ್ರೇನು ಹಳಿ ಬದಲಿಸುವ ಜಾಗದಲ್ಲಿ ಎರಕ ಹೊಯ್ದು ಕೂರಿಸುವ ಕ್ರಾಸಿಂಗ್ ಕೂಡ ಇದೇ ಮ್ಯಾಂಗನೀಸ್ ಉಕ್ಕಿನದು. ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತಾ ಹೋಗುವುದು ಅದರ ಗುಣ. ಚಕ್ರದ ಪೆಟ್ಟಿಗೆ ಒದಗುವ ಗುಣವೇ ಚೂರುಗುಂಡಿನ ಪೆಟ್ಟಿಗೂ ಒದಗಿತು. ದಾದರಿನ ಹತ್ತಿರ ಗಾಡಿ ಹಳಿ ಬದಲಿಸಿ ಕುಲುಕಿದಾಗ ನನಗೆ ಈಗ ಹೆಲ್ಮೆಟ್ ನೆನಪಾಗುತ್ತದೆ. ಏನು ಮಾಡೋದು, ಹುಚ್ಚು ಹಾಗೇ.

ಮ್ಯಾಗ್ನೆಟ್ಟಿಗೂ ಮಿತಿ ಇದೆ. ಎರಡನೇ ಯುದ್ಧದಲ್ಲಿ ಬ್ರಿಟನ್ನಿನ ನಾಗರಿಕ ರಕ್ಷಣಾ ದಳದವರಿಗೆ ಸಾದಾ ಉಕ್ಕಿನ ಹೆಲ್ಮೆಟ್ಟುಗಳನ್ನೂ ಕೊಟ್ಟಿದ್ದರು. ಯುದ್ಧಭೂಮಿಗೆ ಹೋಗಬಾರದು ಅಂತ ಗುರುತಿಗಾಗಿ ಅಂಚಿನಲ್ಲಿ ಸಣ್ಣ ತೂತು ಕೊರೆದಿರುತ್ತಾರೆ. ಜರ್ಮನ್ ಹೆಲ್ಮೆಟ್ಟಂತೂ ಅಸಲಿಯಾಗಿದ್ದರೂ ಮ್ಯಾಗ್ನೆಟ್ಟಿಗೆ ಅಂಟುತ್ತದೆ. ಯಾವುದನ್ನು ಪರೀಕ್ಷೆ ಮಾಡುತ್ತಿದ್ದೇವೆ ಅಂತ ಗೊತ್ತಿರದೆ ಮ್ಯಾಗ್ನೆಟ್ ಹಿಡಿದರೆ ಅದೂ ದಾರಿ ತಪ್ಪಿಸುತ್ತದೆ.

ತುಕ್ಕನ್ನು ಮಾತ್ರ ಮುಂಬಯಿಯಲ್ಲಿ ಯಾರೂ ಸಾಕ್ಷಿಗೆ ಕರೆಯಬಾರದು. ಎರಡು ಮಳೆಗಾಲ ಕಳೆದರೆ ನನ್ನ ಮನೆಯ ಕಿಟಕಿ ಸರಳೇ ಮಹಾಯುದ್ಧ ನೋಡಿ ಬಂದ ಹಾಗೆ ಕಾಣುತ್ತದೆ. ಕೇಸರಿ ಬಣ್ಣದ, ಬೆರಳಿಗೆ ಪುಡಿ ಮೆತ್ತುವ ತುಕ್ಕು ಇತ್ತೀಚಿನದು. ಹಳೆಯ ತುಕ್ಕು ಕಪ್ಪು ಮಿಶ್ರಿತ ಕಂದು, ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕಿಂತ ನಂಬಬಹುದಾದದ್ದು ಸವೆತ. ಸೈನಿಕ ಹೆಲ್ಮೆಟ್ಟನ್ನು ಹಿಡಿಯುವುದು ಮುಂದಿನ ಅಂಚಿನಲ್ಲಿ, ಕೆಳಗಿಡುವುದು ನೆಲದ ಮೇಲೆ. ಆದ್ದರಿಂದ ಬಣ್ಣ ಮೊದಲು ಹೋಗುವುದು ಅಂಚಿನಲ್ಲಿ, ನೆತ್ತಿಯಲ್ಲಿ, ಕೊಂಡಿ ಆಡುವ ಜಾಗದಲ್ಲಿ. ಲೈನರಿನಲ್ಲಿ ಹಣೆ ತಾಗುವ ಕಡೆ ಬೆವರಿನ ಕಪ್ಪು, ಹಿಂಭಾಗದಲ್ಲಿ ಕಡಿಮೆ. ಎಲ್ಲ ಕಡೆಯೂ ಒಂದೇ ಸಮ ಸವೆದಿದ್ದರೆ ಅದು ಸ್ಯಾಂಡ್‌ಪೇಪರಿನ ಕೆಲಸ. ಸವೆತ ಇದೆ ಆದರೆ ಗುಂಡಿ, ಕೊಂಡಿಗಳ ಸಂದಿಯಲ್ಲಿ ಕೊಳೆಯೇ ಇಲ್ಲ ಅಂದರೂ ಅನುಮಾನ ಪಡಬೇಕು.

ಗುಂಡಿನ ತೂತು ಇದ್ದರೆ ಜಾಸ್ತಿ ಕೊಡುವವರಿದ್ದಾರೆ. ಹಾಗಾಗಿ ಡ್ರಿಲ್ ಇರುವವರೂ ಇದ್ದಾರೆ. ತೂತಿನ ಬಗ್ಗೆ ನನ್ನ ನಿಲುವು ಸರಳ: ಸುಳ್ಳಾದರೆ ಮೋಸ, ನಿಜವಾದರೆ ಯಾರದೋ ಸಾವು. ಎರಡಕ್ಕೂ ನಾನು ಹೆಚ್ಚು ಕೊಡುವುದಿಲ್ಲ.

ಜರ್ಮನ್ ಹೆಲ್ಮೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಹೆಚ್ಚಿನವರಿಗೆ ಬೇಕಾದದ್ದು ಅದೇ, ನಕಲಿಯೂ ಅದರಲ್ಲೇ ಜಾಸ್ತಿ. 1935ರ ಮಾದರಿಯಲ್ಲಿ ಅಂಚು ಒಳಕ್ಕೆ ಸುರುಳಿ, ಗಾಳಿ ತೂತಿಗೆ ಬೇರೆಯಾಗಿ ಕೂರಿಸಿದ ಉಂಗುರ. 1940ರದ್ದರಲ್ಲಿ ತೂತು ಚಿಪ್ಪಿನಲ್ಲೇ ಒತ್ತಿದ್ದು. 1942ರದ್ದರಲ್ಲಿ ಅಂಚಿನ ಸುರುಳಿಯನ್ನೂ ಬಿಟ್ಟರು, ಹೊರಕ್ಕೆ ಚಾಚಿದ ಕತ್ತರಿಸಿದ ಅಂಚು. ಯುದ್ಧ ಬೆಳೆದಂತೆ ಕೆಲಸ ಕಡಿಮೆ ಮಾಡುತ್ತಾ ಬಂದದ್ದು ಹೀಗೆ ಗೊತ್ತಾಗುತ್ತದೆ. ಒಳಗೆ ಇಟಿ, ಕ್ಯೂ, ಎಸ್ಇ, ಎನ್ಎಸ್, ಇಎಫ್ ಎನ್ನುವ ಕಾರ್ಖಾನೆ ಗುರುತು, ಪಕ್ಕದಲ್ಲಿ ಗಾತ್ರದ ಸಂಖ್ಯೆ. 64ರ ಚಿಪ್ಪಿನೊಳಗೆ 56 ಅಥವಾ 57ರ ಲೈನರ್ ಇರಬೇಕು. ಬೇರೆ ಇದ್ದರೆ ಎರಡು ಹೆಲ್ಮೆಟ್ ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಹೊರಮೈಯ ಪಕ್ಕದಲ್ಲಿ ಅಂಟಿಸುವ ಸೇನಾ ಚಿಹ್ನೆಯೊಂದೇ ಬೆಲೆಯನ್ನು ಹಲವು ಪಟ್ಟು ಏರಿಸುತ್ತದೆ. ಅದೇ ನಕಲು ಮಾಡಲು ಅತ್ಯಂತ ಸುಲಭವಾದ ಭಾಗವೂ ಹೌದು. ಚಿಪ್ಪು ಯುದ್ಧಕಾಲದ್ದು, ಚಿಹ್ನೆ ಮೊನ್ನೆಯದು, ಇಂಥವೇ ಹೆಚ್ಚು. ಚಿಹ್ನೆ ಇರುವ ಜರ್ಮನ್ ಹೆಲ್ಮೆಟ್ಟನ್ನು ಬೀದಿ ಅಂಗಡಿಯಲ್ಲಿ ಕೊಳ್ಳುವುದು ಲಾಟರಿಗಿಂತ ಕಡೆ.

ಹಾಗಂತ ಅವು ಇಲ್ಲಿಗೆ ಬರಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಎರಡನೇ ಯುದ್ಧದಲ್ಲಿ ನಾಲ್ಕನೇ ಭಾರತೀಯ ಡಿವಿಷನ್ ಉತ್ತರ ಆಫ್ರಿಕಾದಲ್ಲಿ, ಇಟಲಿಯಲ್ಲಿ ಜರ್ಮನರ ವಿರುದ್ಧ ಕಾದಿತು. ಎಂಟು, ಹತ್ತನೇ ಡಿವಿಷನ್ನುಗಳು ಇಟಲಿಯಲ್ಲಿದ್ದವು. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡ್ಗೆ, ನಾಮದೇವ ಜಾಧವ್ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂದದ್ದು ಇಟಲಿಯಲ್ಲೇ. ಸಾತಾರಾದ, ಬೆಳಗಾವಿಯ ಯಾವುದೋ ಮನೆಯ ಅಟ್ಟದಲ್ಲಿ ಅಂಥದ್ದೊಂದು ಇದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕತೆಯ ಜೊತೆ ಅಜ್ಜನ ಪೇ-ಬುಕ್, ಡಿಸ್ಚಾರ್ಜ್ ಪತ್ರ, ಒಂದು ಫೋಟೋ ಬರಬೇಕು. ಬರೀ ಬಾಯಿಮಾತಿಗೆ ನಾನು ಸೊನ್ನೆ ರೂಪಾಯಿ ಕೊಡುತ್ತೇನೆ.

ಅಮೆರಿಕದ ಎಂ1 ಇನ್ನೂ ಸುಲಭ. ಅಂಚಿನ ಪಟ್ಟಿಯ ಜೋಡಣೆ ಮುಂದೆ ಇದ್ದರೆ 1944ರ ಕೊನೆಗಿಂತ ಮೊದಲಿನದು, ಹಿಂದೆ ಇದ್ದರೆ ಆಮೇಲಿನದು. ಕೊಂಡಿ ಅಲುಗಾಡದೆ ಬೆಸೆದದ್ದಾದರೆ 1943ರ ಕೊನೆಗಿಂತ ಹಳೆಯ ವಿನ್ಯಾಸ. ಯುದ್ಧದ ನಂತರ ಯುರೋಪಿನ ಹಲವು ದೇಶಗಳು ಇದೇ ಆಕಾರ ಮಾಡಿಕೊಂಡವು, ಅವೂ ಇಲ್ಲಿ ಅಮೆರಿಕದ ಹೆಸರಿನಲ್ಲೇ ಓಡುತ್ತವೆ.

ನಿಜವಾಗಿ ಕಷ್ಟದ್ದು ನಮ್ಮದೇ ಹಳೆಯ ಶಿರಸ್ತ್ರಾಣ. ಮೇಲೆ ಮುಳ್ಳು, ಎದುರಿಗೆ ಮೇಲೆ ಕೆಳಗೆ ಜಾರುವ ಮೂಗುಪಟ್ಟಿ, ಎರಡು ಗರಿ ಸಿಕ್ಕಿಸುವ ಕೊಳವೆ, ಸುತ್ತ ಇಳಿಬಿದ್ದ ಉಂಗುರಗಳ ಜಾಲರಿ. ಪರ್ಷಿಯಾ ಕಡೆಯ ಕುಲಾ ಖುದ್ ಮಾದರಿ. ಪುಣೆಯಲ್ಲಿ ಬುಧವಾರ, ಭಾನುವಾರ ಸೇರುವ ಜುನಾ ಬಜಾರಿನಲ್ಲಿ ಒಬ್ಬರು ಇದನ್ನು ಪೇಶ್ವೆ ಕಾಲದ್ದು ಅಂತ ಇಟ್ಟುಕೊಂಡಿದ್ದರು. ಜೊತೆಗೆ ನನ್ನ ಸೋದರಮಾವನ ಮಗ ಇದ್ದ. ಪುಣೆಯಲ್ಲೇ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಹಾಕಿಕೊಳ್ಳುವ ಭೂತಗನ್ನಡಿಯನ್ನು ಕಿಸೆಯಿಂದ ತೆಗೆದು ಕಣ್ಣಿಗೇರಿಸಿಯೇ ಬಿಟ್ಟ. ಸುತ್ತ ಜನ ಸೇರಿದರು.

"ನೋಡು ಮಾರಾಯ, ಉಂಗುರದ ಎರಡು ತುದಿ ಬರೀ ಒಂದಕ್ಕೊಂದು ತಾಗಿದೆ ಅಷ್ಟೆ" ಅಂದ. ಯುದ್ಧಕ್ಕೆ ಮಾಡಿದ ಜಾಲರಿಯಲ್ಲಿ ಪ್ರತಿ ಉಂಗುರದ ತುದಿಗಳನ್ನು ಚಪ್ಪಟೆ ಮಾಡಿ, ಒಂದರ ಮೇಲೊಂದು ತಂದು, ಸೂಜಿಮೊನೆಯಷ್ಟು ಚಿಕ್ಕ ರಿವೆಟ್ ಹೊಡೆದಿರುತ್ತಾರೆ. ಬೆರಳಿಗೆ ಸಣ್ಣ ಗುಳ್ಳೆ ಸಿಗುತ್ತದೆ. ಇಲ್ಲದಿದ್ದರೆ ಕತ್ತಿಯ ತುದಿ ತಾಗಿದ ಕಡೆ ಉಂಗುರ ಬಾಯಿ ಬಿಡುತ್ತದೆ. ಆದರೆ ಕೊನೆಕೊನೆಗೆ ಭಾರತದಲ್ಲಿ ರಿವೆಟ್ ಇಲ್ಲದ ಜಾಲರಿಯನ್ನೂ ಮಾಡಿದರು, ಆದ್ದರಿಂದ ಇದೊಂದರಿಂದ ನಕಲಿ ಅಂತ ಹೇಳಲಾಗದು. ಗುಟ್ಟು ಬಿಟ್ಟುಕೊಟ್ಟದ್ದು ಬಟ್ಟಲಿನ ಒಳಮೈ. ಸ್ಟೀಲ್ ಡಬರಿಯ ತಳದಲ್ಲಿ ಇರುವ ಹಾಗೆ ಒಂದರೊಳಗೊಂದು ವೃತ್ತದ ಗೆರೆಗಳು. ತಗಡನ್ನು ಯಂತ್ರದಲ್ಲಿ ತಿರುಗಿಸಿ ಒತ್ತಿದ್ದರ ಗುರುತು. ಸುತ್ತಿಗೆಯಿಂದ ಬಡಿದು ಮಾಡಿದ್ದಾದರೆ ಒಳಗೆ ಏರುತಗ್ಗು ಇರುತ್ತದೆ, ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ.

ಚಿನ್ನದ ಕುಸುರಿಗೂ ಹೀಗೇ ಒಂದು ಪರೀಕ್ಷೆ ಇದೆ. ಕೋಫ್ತ್‌ಗರಿ ಕೆಲಸದಲ್ಲಿ ಉಕ್ಕಿನ ಮೇಲೆ ಮೊದಲು ಅಡ್ಡ ಉದ್ದ ಸಣ್ಣ ಗೀರು ಹಾಕಿ, ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಕೂರಿಸುತ್ತಾರೆ. ಚಿನ್ನ ಸವೆದುಹೋದ ಕಡೆ ಆ ಗೀರುಗಳು ಕಾಣಬೇಕು. ಅಲ್ಲಿ ಬರೀ ನುಣುಪು ಇದ್ದರೆ ಅದು ಬಣ್ಣ ಅಥವಾ ಲೇಪ. ಇನ್ನೊಂದು ಸಿಕ್ಕು ಅಂದರೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ನಮ್ಮ ಕುಶಲಕರ್ಮಿಗಳು ಗೋಡೆಗೆ ತೂಗುಹಾಕಲೆಂದು ಬಿಳಿಯರಿಗೆ ಇಂಥವನ್ನು ಮಾಡಿ ಮಾರುತ್ತಿದ್ದರು. ಕೈಕೆಲಸ ಅಸಲಿ, ವಯಸ್ಸೂ ನೂರು ದಾಟಿದೆ, ಯುದ್ಧ ಮಾತ್ರ ನೋಡಿಲ್ಲ. ನಾನಂತೂ ಅದನ್ನು ನಕಲಿ ಎನ್ನಲಾರೆ. ಯುದ್ಧದ ಬೆಲೆಯನ್ನೂ ಕೊಡಲಾರೆ. ಕಣ್ಣು ಪಳಗಿಸಿಕೊಳ್ಳಲು ಪುಣೆಯ ಕೇಳ್ಕರ್ ಮ್ಯೂಸಿಯಂ, ಮುಂಬಯಿಯ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದ ಆಯುಧ ವಿಭಾಗ ನೋಡಿ ಬರಬೇಕು. ಒಂದೇ ತೊಂದರೆ, ಅಲ್ಲಿ ಅಂಗಾತ ತಿರುಗಿಸಲು ಬಿಡುವುದಿಲ್ಲ.

ಸರಿ, ಬೆಲೆ.

ಅಂಗಡಿಯವರು ಹೇಳುವ ಬೆಲೆ ಎಲ್ಲಿಂದ ಬರುತ್ತದೆ ಅಂದುಕೊಂಡಿದ್ದೀರಿ? ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ವಿದೇಶದಲ್ಲಿ ಯಾರೋ ಇದೇ ಥರದ್ದಕ್ಕೆ ಕೇಳಿದ ಬೆಲೆಯನ್ನು ತೋರಿಸುತ್ತಾರೆ. ಕೇಳಿದ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ ನೋಡಬೇಕು, ಅದೂ ಲೈನರ್, ಪಟ್ಟಿ, ಬಣ್ಣ ಎಲ್ಲ ಹೊಂದುವಂಥದ್ದರ ಬೆಲೆ. ನನ್ನ ಲೆಕ್ಕ ಹೀಗೆ: ಮೂಲ ಬಣ್ಣ, ಮೂಲ ಲೈನರ್, ಮೂಲ ಪಟ್ಟಿ ಇದ್ದರೆ ಪೂರ್ತಿ. ಲೈನರ್ ಇಲ್ಲದ ಬರೀ ಚಿಪ್ಪಾದರೆ ಅರ್ಧಕ್ಕಿಂತ ಕಡಿಮೆ. ಮೇಲೆ ಹೊಸ ಬಣ್ಣ ಹೊಡೆದಿದ್ದರೆ ಅದರಲ್ಲೂ ಕಡಿತ. ಕತೆಗೆ ಏನೂ ಇಲ್ಲ. ಹೀಗೆ ಕಳೆಯುತ್ತಾ ಹೋದ ಮೇಲೆ ಉಳಿದದ್ದಕ್ಕೆ ಅಂಗಡಿಯವರ ಲಾಭ ಸೇರಿಸುತ್ತೇನೆ. ಅವರು ಗುಜರಿಯಿಂದ ತೂಕಕ್ಕೆ ತಂದಿರಬಹುದು, ಆದರೆ ಗುಡ್ಡದಷ್ಟು ಕಬ್ಬಿಣದಲ್ಲಿ ಇದನ್ನು ಹೆಕ್ಕಿ, ವರ್ಷಗಟ್ಟಲೆ ಬಾಡಿಗೆ ಜಾಗದಲ್ಲಿ ಇಟ್ಟುಕೊಂಡಿದ್ದಾರೆ. ತೂಕದ ಬೆಲೆಗೇ ಕೊಡಿ ಅಂತ ಜಗ್ಗಾಡುವುದು ನನಗೆ ಸರಿ ಕಾಣುವುದಿಲ್ಲ.

ಯುದ್ಧಕಾಲದಲ್ಲಿ ಭಾರತದಲ್ಲೇ ತಯಾರಾದ ಮಾರ್ಕ್ 2 ಹೆಲ್ಮೆಟ್ಟುಗಳಿಗೆ ಹೊರಗೆ ಅಷ್ಟೇನೂ ಬೆಲೆ ಇಲ್ಲ. ಒರಟು ಕೆಲಸ, ಸಂಖ್ಯೆಯೂ ಹೆಚ್ಚು. ನಮ್ಮವರ ತಲೆಯ ಮೇಲಿದ್ದದ್ದು ಅವೇ ಅಲ್ವಾ? ಹಾಗಾಗಿ ನನಗೆ ಬೇಕಾದದ್ದು ಅಗ್ಗವಾಗಿಯೇ ಸಿಗುತ್ತದೆ. ಇದಕ್ಕೆ ನನ್ನ ತಕರಾರಿಲ್ಲ.

ದುಬೈಯಲ್ಲಿರುವ ಭಾವ ಒಂದು ಹಳೆಯದು ನೋಡಿ ಕಳಿಸು ಅಂತ ಹೇಳುತ್ತಿರುತ್ತಾರೆ. ಹಳೆಯದು ಅಂದರೆ ಎಷ್ಟು ಹಳೆಯದು ಅಂತ ಇಲ್ಲಿ ಕೇಳಲೇಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ, ಜಾರಿಗೆ ಬಂದದ್ದು 1976ರಲ್ಲಿ, ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ ಎನ್ನುತ್ತದೆ. ಅಂಥ ವಸ್ತುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. 1972ರಲ್ಲಿ ಬ್ರೋಡಿ ಹೆಲ್ಮೆಟ್ಟಿಗೆ ಅರವತ್ತೂ ಆಗಿರಲಿಲ್ಲ. ಈಗ 1916ರದ್ದು ನೂರು ದಾಟಿ ಕೂತಿದೆ. ಅಂದರೆ ಅಂಗಡಿಯವರು ಮೊದಲ ಮಹಾಯುದ್ಧದ್ದು ಅಂತ ಆಣೆ ಮಾಡಿದಷ್ಟೂ ಅದು ಭಾವನಿಂದ ದೂರ ಹೋಗುತ್ತದೆ. 1941ರದ್ದಾದರೆ ಆ ತೊಡಕಿಲ್ಲ, ಆದರೂ ಪುರಾತತ್ವ ಇಲಾಖೆಯಿಂದ ಇದು ಪುರಾತನ ವಸ್ತುವಲ್ಲ ಎನ್ನುವ ಪತ್ರ ಮಾಡಿಸಿಕೊಳ್ಳುವುದು ಕ್ಷೇಮ. ಏರ್‌ಪೋರ್ಟಿನಲ್ಲಿ ನಿಂತು ಅಂಚಿನ ಗುರುತು ತೋರಿಸಿ ವಾದ ಮಾಡುವುದು ಆಗದ ಮಾತು.

ಇದರಿಂದಲೇ ನನಗೊಂದು ಅಭ್ಯಾಸ ಬಂತು. ಬೆಲೆ ಮಾತಾಡುವ ಮೊದಲೇ ಬಿಲ್ ಕೇಳುತ್ತೇನೆ. ಏನು ವಸ್ತು, ಯಾವ ದೇಶದ್ದು, ಯಾವ ವರ್ಷದ್ದು, ಎಲ್ಲ ಬರೆದು ಸಹಿ ಹಾಕಿ ಅನ್ನುತ್ತೇನೆ. ಭಾವನಿಗಾಗಿ ನೋಡಿದ ಮಾರ್ಕ್ 2ಕ್ಕೆ ಅಂಗಡಿಯವರು ಹೇಳಿದ್ದು ಹದಿನಾಲ್ಕು ಸಾವಿರ. ಮೊದಲ ಮಹಾಯುದ್ಧ, ಫ್ರಾನ್ಸ್, ಯಾರೋ ಕರ್ನಲ್. ಬೆಳಗಿನ ಬೋಣಿ ಬೇರೆ.

"ಹಾಗೇ ಬರೆದುಕೊಡಿ" ಅಂದೆ.

ಬಿಲ್ ಪುಸ್ತಕ ತೆಗೆದರು. ಪೆನ್ನಿನ ಕ್ಯಾಪ್ ತೆಗೆದರು. ಹೆಲ್ಮೆಟ್ಟನ್ನು ಒಮ್ಮೆ ತಾವೇ ಅಂಗಾತ ಮಾಡಿ ನೋಡಿದರು. ಹಿಂದಿಯಲ್ಲಿ ನಿಧಾನವಾಗಿ ಬರೆದರು: ಹಳೆಯ ಕಬ್ಬಿಣದ ಟೋಪಿ, ಒಂದು ನಗ.

"ಫ್ರಾನ್ಸ್ ಎಲ್ಲಿ ಹೋಯ್ತು?"

"ಸಾಹೇಬ್ರೇ, ಫ್ರಾನ್ಸ್ ಬಾಯಲ್ಲಿ ಹೇಳೋದಕ್ಕೆ. ಬಿಲ್ ಮೇಲೆ ಯಾಕೆ?"

ಹಳೆಯ ಕಬ್ಬಿಣದ ಟೋಪಿ ಐದೂವರೆ ಸಾವಿರಕ್ಕೆ ಆಯ್ತು. ಚಹಾದ ದುಡ್ಡು ಅವರೇ ಕೊಟ್ಟರು.